ಸುಳ್ಳು ಹೇಳದೆ ಕೆಲಸ ಸಾಧಿಸುವ ಕೈಪಿಡಿ

ಸುಳ್ಳು ಹೇಳಬೇಡಿ. ಅದು ಕಷ್ಟದ ಕಸುಬು. ಯಾರಿಗೆ ಏನು ಹೇಳಿದ್ದೆ ಎಂದು ನೆನಪಿಡಬೇಕು, ಮುಖ ಬಿಗಿಹಿಡಿಯಬೇಕು, ಸಿಕ್ಕಿಬಿದ್ದರೆ ವಕೀಲರ ಫೀಸು ಬೇರೆ. ಬದಲಿಗೆ ಇಂಗ್ಲಿಷಿನಿಂದ ಒಂದೇ ಬಳಗದ ಎರಡು ಪದ ಆರಿಸಿಕೊಳ್ಳಿ. ದೂರದಿಂದ ನೋಡಿದರೆ ಎರಡೂ ಒಂದೇ ಅನ್ನಿಸಬೇಕು, ಹತ್ತಿರ ಹೋದರೆ ಮಾತ್ರ ಬೇರೆ. ನೀವು ಒಂದನ್ನು ಹೇಳಿ; ಎದುರಿನವರು ಇನ್ನೊಂದನ್ನು ಕೇಳಿಸಿಕೊಳ್ಳಲಿ. ಅವರನ್ನು ತಿದ್ದಲು ಹೋಗಬೇಡಿ. ತಿದ್ದುವುದು ಮೇಷ್ಟರ ಕೆಲಸ, ಅದಕ್ಕೆ ಅವರಿಗೆ ಸಂಬಳವಿದೆ.

ಮೊದಲ ಅಭ್ಯಾಸಕ್ಕೆ ಬೆಂಗಳೂರಿನಲ್ಲಿ ಒಂದು ಫ್ಲ್ಯಾಟ್ ಮಾರಿ. ಗಂಡ, ಹೆಂಡತಿ, ಜೊತೆಗೆ ವಾಸ್ತು ಬಲ್ಲ ಮಾವ ಬರುತ್ತಾರೆ. ಮಾವನನ್ನು ಈಶಾನ್ಯ ಮೂಲೆಗೆ ಕರೆದೊಯ್ದು ಅಲ್ಲೇ ಬಿಟ್ಟುಬನ್ನಿ. ಅಳತೆ ಎಷ್ಟೆಂದು ಗಂಡ ಕೇಳಿದರೆ "ಫಿಫ್ಟೀನ್ ಹಂಡ್ರೆಡ್, ಸೂಪರ್ ಬಿಲ್ಟಪ್ ಸಾರ್" ಎನ್ನಿ. ಕೊನೆಯ ಪದಗಳನ್ನು ಮೆಲ್ಲಗೆ ಹೇಳಿ, ಆದರೆ ನುಂಗಬೇಡಿ. ನುಂಗಿದರೆ ಅದು ಸುಳ್ಳಾಗುತ್ತದೆ. ಕಾರ್ಪೆಟ್ ಏರಿಯಾ ಎಂದರೆ ಹೊರಗೋಡೆಗಳ ಒಳಗೆ ನಿಜವಾಗಿ ಬಾಳಿ ಬದುಕುವ ಜಾಗ. ಹೊರಗೋಡೆಯ ದಪ್ಪ, ಬಾಲ್ಕನಿ ಸೇರಿದರೆ ಬಿಲ್ಟಪ್. ಮೆಟ್ಟಿಲು, ಲಿಫ್ಟು, ಲಾಬಿ, ಕ್ಲಬ್‌ಹೌಸುಗಳಲ್ಲಿ ಅವರ ಪಾಲನ್ನೂ ಸೇರಿಸಿದರೆ ಸೂಪರ್. 1,500 ಚದರಡಿಯಲ್ಲಿ 1,100 ಬಾಗಿಲೊಳಗೆ ಉಳಿದರೆ ಕೊಂಡವರ ಪುಣ್ಯ. ಮಿಕ್ಕ 400ರಲ್ಲಿ ಅವರು ಲಿಫ್ಟಿಗಾಗಿ ಕಾಯುತ್ತಾ ನಿಲ್ಲಬಹುದು.

2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾವನ್ನೇ ಹೇಳಬೇಕು ಎನ್ನುತ್ತದೆ. ಹೆದರಬೇಡಿ, ಹೇಳಿ. ಅಗ್ರಿಮೆಂಟಿನ ಷೆಡ್ಯೂಲಿನಲ್ಲಿ, ಚದರ ಮೀಟರಿನಲ್ಲಿ ಹೇಳಿ. ಬಾಯಲ್ಲಿ ಚದರಡಿ, ಕಾಗದದಲ್ಲಿ ಚದರ ಮೀಟರು. ಸಹಿ ಹಾಕುವ ಮುಹೂರ್ತದಲ್ಲಿ 10.76ರಿಂದ ಗುಣಿಸುತ್ತಾ ಕೂತವರನ್ನು ನಾನಂತೂ ಕಂಡಿಲ್ಲ. ಅಲ್ಲದೆ ಕನ್ನಡಿಗರ ಕಿವಿಗೆ "ಸೂಪರ್" ಬಿದ್ದರೆ ಸಾಕು, ತಲೆ ತಾನಾಗಿ ಆಡುತ್ತದೆ.

ಕ್ಯಾಟರಿಂಗ್ ಮಾಡುವವರಾದರೆ ಇನ್ನೂ ಸುಲಭ. ಕೊಬ್ಬು ಹಾಲಿನದಾದರೆ ಐಸ್‌ಕ್ರೀಮ್, ಸಸ್ಯದ ಎಣ್ಣೆಯದಾದರೆ ಫ್ರೋಜನ್ ಡೆಸರ್ಟ್. ಆಹಾರ ನಿಯಮವೇ ಹಾಗಿದೆ, ಕಪ್ಪಿನ ಮೇಲೂ ಹಾಗೆಯೇ ಅಚ್ಚಾಗಿದೆ. ಎರಡನೆಯದನ್ನು ತರಿಸಿ, ಮೊದಲನೆಯದರ ಹೆಸರಿನಲ್ಲಿ ಕೂಗಿ ಕರೆಯಲು ಬಡಿಸುವ ಹುಡುಗರಿಗೆ ಬಿಡಿ. ನೀವು ಕೂಗಬೇಡಿ.

ಸರ್ಕಾರಿ ಕಚೇರಿಯಲ್ಲಿದ್ದೀರಾ? ಕಡತದ ಮೇಲೆ "ಅಪ್ರೂವ್ಡ್" ಎಂದು ಯಾವತ್ತೂ ಬರೆಯಬೇಡಿ. "ಸೀನ್" ಎನ್ನಿ. ಸೇತುವೆ ಕುಸಿದರೆ ನೀವು ಕಡತವನ್ನು ನೋಡಿದ್ದಿರಿ, ಒಪ್ಪಿರಲಿಲ್ಲ. ಕುಸಿಯದಿದ್ದರೆ ಉದ್ಘಾಟನೆಯ ಕಲ್ಲಿನಲ್ಲಿ ಹೆಸರು ಕೆತ್ತಿಸಿ. ಕಲ್ಲಿನ ಮೇಲೆ ಯಾವ ಪದ ಬಳಸಿದ್ದಿರಿ ಎಂದು ಆಡಿಟ್‌ನವರು ಕೇಳುವುದಿಲ್ಲ.

ಸಾಲದ ವಿಷಯಕ್ಕೆ ಬಂದಾಗ ಮೈಯೆಲ್ಲ ಕಣ್ಣಾಗಿರಿ. ರೈತನ ಸಾಲಕ್ಕೆ "ವೇವರ್" ಬಳಸಿ, ದೊಡ್ಡ ಕುಳಗಳ ಸಾಲಕ್ಕೆ "ರೈಟ್ ಆಫ್". ವೇವರ್ ಎಂದರೆ ಸಾಲಗಾರ ಋಣಮುಕ್ತ, ಹಣ ಸರ್ಕಾರದ ಬೊಕ್ಕಸದಿಂದ ಹೋಗುತ್ತದೆ. ರೈಟ್ ಆಫ್ ಎಂದರೆ ಬ್ಯಾಂಕು ಆ ಸಾಲವನ್ನು ತನ್ನ ಲೆಕ್ಕಪತ್ರದಿಂದ ತೆಗೆದುಹಾಕುತ್ತದೆ, ಸಾಲಗಾರನ ಮೇಲಿನ ಹಕ್ಕು ಹಾಗೇ ಇರುತ್ತದೆ, ವಸೂಲಿ ಮುಂದುವರಿಯುತ್ತದೆ. 2022ರ ಡಿಸೆಂಬರಿನಲ್ಲಿ ರಾಜ್ಯಸಭೆಗೆ ಸಿಕ್ಕ ಉತ್ತರದ ಪ್ರಕಾರ ಐದು ಹಣಕಾಸು ವರ್ಷಗಳಲ್ಲಿ ಬ್ಯಾಂಕುಗಳು ಹೀಗೆ ರೈಟ್ ಆಫ್ ಮಾಡಿದ್ದು ಸುಮಾರು 10 ಲಕ್ಷ ಕೋಟಿ ರೂಪಾಯಿ. ಅದು ಮನ್ನಾ ಅಲ್ಲ ಎಂಬ ವಿವರಣೆಯೂ ಜೊತೆಗೇ ಬಂತು. ವಿವರಣೆ ನಿಜವೇ, ಈ ವಿದ್ಯೆಯ ಸೊಗಸೇ ಅದು. ರೈತರ ಬಾಬತ್ತಾದರೆ ವೇದಿಕೆ ಕಟ್ಟಿಸಿ, ಹಾರ ತರಿಸಿ, ಫಲಾನುಭವಿಗಳ ಹೆಸರು ಓದಿಸಿ, ದೇಶದ ಹಣಕಾಸು ಶಿಸ್ತಿನ ಬಗ್ಗೆ ಟಿವಿಯಲ್ಲಿ ಚರ್ಚೆ ಇಡಿ. ಇನ್ನೊಂದರ ಬಾಬತ್ತಾದರೆ ಅನುಬಂಧದಲ್ಲಿ ಒಂದು ಕೋಷ್ಟಕ ಸಾಕು. ಹೆಸರು ಓದಿಸಲು ಹೋಗಬೇಡಿ, ಅಲ್ಲಿ ಗೌಪ್ಯತೆಯ ಪ್ರಶ್ನೆ ಇರುತ್ತದೆ.

ಇನ್ನು ತಪ್ಪು ಮಾಡಿದ ಮೇಲಿನ ಶಿಷ್ಟಾಚಾರ. "ಅಪಾಲಜಿ" ಕೊಟ್ಟರೆ ತಪ್ಪು ನಿಮ್ಮದಾಗುತ್ತದೆ, ಹಿಂದೆಯೇ ಪರಿಹಾರದ ಬಿಲ್ಲೂ ಬರುತ್ತದೆ. "ರಿಗ್ರೆಟ್" ಕೊಡಿ. ರಿಗ್ರೆಟ್ಟಿಗೆ ಮಾಲೀಕರಿಲ್ಲ, ಮಳೆ ಬಂದರೂ ಮಾಡಬಹುದು. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬಿದಾಗ, 2019ರ ಏಪ್ರಿಲ್‌ನಲ್ಲಿ, ಬ್ರಿಟನ್ನಿನ ಪ್ರಧಾನಿ ತೆರೇಸಾ ಮೇ ಅವರು ಸಂಸತ್ತಿನಲ್ಲಿ ಕೊಟ್ಟದ್ದು ರಿಗ್ರೆಟ್. ಅಪಾಲಜಿ ಗೋದಾಮಿನಲ್ಲೇ ಉಳಿಯಿತು.

ಎದುರಾಳಿ ಬಲಶಾಲಿಯಾಗಿದ್ದು ರಿಗ್ರೆಟ್ಟಿಗೆ ಬಗ್ಗದಿದ್ದರೆ "ಸಾರಿ"ಗೆ ಇಳಿಯಿರಿ, ಅದರ ಕೆಳಗಿಳಿಯಬೇಡಿ. 2001ರ ಏಪ್ರಿಲ್ 1ರಂದು ಅಮೆರಿಕದ ಬೇಹುಗಾರಿಕೆ ವಿಮಾನವೂ ಚೀನಾದ ಯುದ್ಧವಿಮಾನವೂ ದಕ್ಷಿಣ ಚೀನಾ ಸಮುದ್ರದ ಮೇಲೆ ಡಿಕ್ಕಿ ಹೊಡೆದವು. ಚೀನಾದ ಪೈಲಟ್ ಸತ್ತ. ಜಖಂಗೊಂಡ ಅಮೆರಿಕದ ವಿಮಾನ ಅನುಮತಿ ಇಲ್ಲದೆಯೇ ಹೈನಾನ್ ದ್ವೀಪದಲ್ಲಿ ಇಳಿಯಿತು. ಅದರಲ್ಲಿದ್ದ 24 ಮಂದಿಯನ್ನು ಚೀನಾ ಹಿಡಿದಿಟ್ಟುಕೊಂಡಿತು. ಅಪಾಲಜಿ ಇಲ್ಲದೆ ಬಿಡೆವು ಎಂದು ಚೀನಾ, ಕೊಡೆವು ಎಂದು ಅಮೆರಿಕ. ಏಪ್ರಿಲ್ 11ರಂದು ಪತ್ರವೊಂದು ಕೈ ಬದಲಾಯಿಸಿತು. ಪೈಲಟ್ ಸತ್ತದ್ದಕ್ಕೆ ಒಂದು ವೆರಿ ಸಾರಿ, ಕೇಳದೆ ಇಳಿದದ್ದಕ್ಕೆ ಇನ್ನೊಂದು. ಚೀನಾ ತನ್ನ ಜನಕ್ಕೆ "ಕ್ಷಮೆ ಕೇಳಿದರು" ಎಂದಿತು, ಅಮೆರಿಕ ತನ್ನ ಜನಕ್ಕೆ "ಕೇಳಲಿಲ್ಲ" ಎಂದಿತು, 24 ಮಂದಿ ಮನೆಗೆ ಹೋದರು. ಹೆಂಡತಿಯ ತವರಿನವರೊಂದಿಗೆ ಜಗಳವಾದಾಗ ಈ ಪತ್ರವನ್ನೇ ಮಾದರಿಯಾಗಿಟ್ಟುಕೊಳ್ಳಿ. ನಿಮ್ಮ ಕಡೆಯವರಿಗೆ ಒಂದು ಪ್ರತಿ, ಅವರ ಕಡೆಯವರಿಗೆ ಇನ್ನೊಂದು ವ್ಯಾಖ್ಯಾನ.

ಅಧಿಕಾರ ನಿಮ್ಮ ಕೈಯಲ್ಲೇ ಇದ್ದರೆ "ಕನ್ಸಲ್ಟೇಷನ್" ಧಾರಾಳವಾಗಿ ಮಾಡಿ, "ಕನ್‌ಕರೆನ್ಸ್" ಕೇಳಬೇಡಿ. ಎಲ್ಲರನ್ನೂ ಕರೆಸಿ, ಕಾಫಿ ಕೊಡಿ, ತಲೆದೂಗಿ, ಮೊದಲೇ ಟೈಪಾಗಿದ್ದ ಆದೇಶ ಹೊರಡಿಸಿ. ನಮ್ಮ ಸಂವಿಧಾನ ನ್ಯಾಯಾಧೀಶರ ನೇಮಕಕ್ಕೆ ಬಳಸಿದ್ದು ಕನ್ಸಲ್ಟೇಷನ್ ಎಂಬ ಪದವನ್ನು. ಮುಖ್ಯ ನ್ಯಾಯಮೂರ್ತಿಗಳ ಕನ್‌ಕರೆನ್ಸ್ ಬೇಕೆಂಬ ಸಲಹೆಯನ್ನು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಒಪ್ಪಿರಲಿಲ್ಲ. ಎರಡೂ ಬೇರೆ ಎಂದು 1981ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. 1993ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಿರುಗಿಸಿ, ಮುಖ್ಯ ನ್ಯಾಯಮೂರ್ತಿಗಳ ಅಭಿಪ್ರಾಯಕ್ಕೇ ಹೆಚ್ಚಿನ ತೂಕ ಎಂದಿತು. ಅಲ್ಲಿಂದ ಕೊಲಿಜಿಯಂ ಹುಟ್ಟಿತು. ಒಂದಕ್ಷರವೂ ಬದಲಾಗದೆ ಅಧಿಕಾರ ಆ ಕೈಯಿಂದ ಈ ಕೈಗೆ ಬಂತು. ಹಾಗಾಗಿ ಪದ ಆರಿಸುವ ಮುನ್ನ ಅದರ ಅರ್ಥ ಹೇಳುವ ಹಕ್ಕು ಯಾರದೆಂದು ವಿಚಾರಿಸಿಕೊಳ್ಳಿ. ಅಜ್ಜಿ ಇರುವ ಮನೆಗಳಲ್ಲಂತೂ ಪ್ರಯೋಗಕ್ಕಿಳಿಯಬೇಡಿ. ಅಲ್ಲಿ ಎರಡನೆಯ ತೀರ್ಪು 1993ಕ್ಕೂ ಬಹಳ ಮೊದಲಿನಿಂದ ಜಾರಿಯಲ್ಲಿದೆ.

ಯಾರಾದರೂ "ಇದು ಸುಳ್ಳಲ್ಲವಾ?" ಎಂದು ನೇರವಾಗಿ ಕೇಳಿದರೆ ಗಾಬರಿಯಾಗಬೇಡಿ. ರಾಬರ್ಟ್ ಆರ್ಮ್‌ಸ್ಟ್ರಾಂಗ್ ಅವರನ್ನು ಸ್ಮರಿಸಿ. ಬ್ರಿಟನ್ನಿನ ಸಂಪುಟ ಕಾರ್ಯದರ್ಶಿಯಾಗಿದ್ದ ಇವರು 1986ರಲ್ಲಿ, ಮಾಜಿ ಗೂಢಚಾರನೊಬ್ಬನ ಪುಸ್ತಕ ತಡೆಯಲು ಸಿಡ್ನಿಯ ನ್ಯಾಯಾಲಯದಲ್ಲಿ ಸಾಕ್ಷಿಕಟ್ಟೆ ಹತ್ತಿದ್ದರು. ಸುಳ್ಳಿಗೂ ದಾರಿ ತಪ್ಪಿಸುವ ಮಾತಿಗೂ ಏನು ವ್ಯತ್ಯಾಸ ಎಂದು ಮಾಲ್ಕಮ್ ಟರ್ನ್‌ಬುಲ್ ಎಂಬ ಯುವ ವಕೀಲ ಕೇಳಿದಾಗ, ಅದು ಸತ್ಯದ ವಿಷಯದಲ್ಲಿ ಮಿತವ್ಯಯ ಇದ್ದಂತೆ ಎಂಬರ್ಥದ ಉತ್ತರ ಕೊಟ್ಟರು. ಸರ್ಕಾರ ಕೇಸು ಸೋತಿತು. ಆರ್ಮ್‌ಸ್ಟ್ರಾಂಗ್ ಎರಡೇ ವರ್ಷದಲ್ಲಿ ಲಾರ್ಡ್ ಆದರು. ಪ್ರಶ್ನೆ ಕೇಳಿದ ವಕೀಲರು ಆಸ್ಟ್ರೇಲಿಯಾದ ಪ್ರಧಾನಿಯಾಗಲು 2015ರವರೆಗೆ ಕಾಯಬೇಕಾಯಿತು.

ಈ ವಿದ್ಯೆಗೆ ಅಪಾಯ ಒಂದೇ ಕಡೆಯಿಂದ. ಫ್ಲ್ಯಾಟು ನೋಡಿ, ಹೆಚ್ಚು ಮಾತಾಡದೆ, "ಅಗ್ರಿಮೆಂಟ್ ಡ್ರಾಫ್ಟ್ ಕೊಡಿ, ಮನೇಲಿ ಓದಿ ಹೇಳ್ತೀನಿ" ಎನ್ನುವ ಹೆಂಗಸು ಆಗೊಮ್ಮೆ ಈಗೊಮ್ಮೆ ಬರುತ್ತಾರೆ. ಸಾಮಾನ್ಯವಾಗಿ ನಿವೃತ್ತ ಬ್ಯಾಂಕ್ ಉದ್ಯೋಗಿ; ಕೈಚೀಲದಲ್ಲಿ ಕನ್ನಡಕವೂ ಕ್ಯಾಲ್ಕುಲೇಟರೂ ಇರುತ್ತವೆ. ವಾದಕ್ಕಿಳಿಯಬೇಡಿ, ಡ್ರಾಫ್ಟನ್ನೂ ಕೊಡಬೇಡಿ. ಆ ಯೂನಿಟ್ ನಿನ್ನೆಯಷ್ಟೇ "ಬ್ಲಾಕ್" ಆಯಿತು ಎಂದು ನಗುತ್ತಾ ಹೇಳಿ ಲಿಫ್ಟಿನವರೆಗೆ ಬಿಟ್ಟುಬನ್ನಿ. "ಸೋಲ್ಡ್" ಎನ್ನಬೇಡಿ.