ಸೈನ್-ಆಫ್ ಆದ ಡಾಕ್ಯುಮೆಂಟಿನ ಸಂದರ್ಶನ

ವೈಟ್‌ಫೀಲ್ಡಿನ ಟೆಕ್ ಪಾರ್ಕೊಂದರಲ್ಲಿ ಬ್ಯಾಂಕ್ ಆ್ಯಪ್ ಒಂದರ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಮಾತಿಗೆ ಸಿಕ್ಕಿತು. ಆವೃತ್ತಿ 7, ‘ಫೈನಲ್ ಫೈನಲ್’.

ಪ್ರಶ್ನೆ: ಮೈತುಂಬ ಚಿಹ್ನೆಗಳು! ಏನಿದು ಹೊಸ ವೇಷ?

ಉತ್ತರ: ಎಐಗೆ ಕೊಟ್ಟು ತರ್ಕದ ಸೂತ್ರ ಮಾಡಿಸಿದರು. ಅಮೀರ್ ಪ್ನುಯೆಲಿ 1977ರಲ್ಲಿ ಪ್ರೋಗ್ರಾಮುಗಳಿಗೆ ಒಗ್ಗಿಸಿದ ಕಾಲತರ್ಕ. ‘ಯಾವಾಗಲೂ’, ‘ಎಂದಾದರೊಮ್ಮೆ’ ಎನ್ನುವುದಕ್ಕೆಲ್ಲ ಒಂದೊಂದು ಗುರುತು. ಬರೆಯಬಲ್ಲವರು ಸಿಗುವುದೇ ಕಷ್ಟವಿತ್ತು. ಈಗ ಟೀ ಕುಡಿದು ಬರುವಷ್ಟರಲ್ಲಿ ರೆಡಿ.

ಪ್ರ: ಒಳ್ಳೆಯದೇ ಆಯಿತಲ್ಲ?

ಉ: ಆಯಿತು. ಎರಡು ಕಡೆ ನನ್ನ ಮಾತಿಗೆ ನಾನೇ ಅಡ್ಡ ಮಾತಾಡಿದ್ದೆ, ಸೂತ್ರಗಳನ್ನು ತಾಳೆ ನೋಡುವ ಸಾಲ್ವರ್ ತಂತ್ರಾಂಶ ಹಿಡಿದುಹಾಕಿತು. ಅಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸಹಿ ಹಾಕಿದವರು ಓದಿರಬೇಕಲ್ಲ!

ಪ್ರ: ಮತ್ತೆ ಈ ಸಪ್ಪೆ ಮೋರೆ ಯಾಕೆ?

ಉ: ನನ್ನಲ್ಲೊಂದು ವಾಕ್ಯವಿತ್ತು: ‘ಮೂರು ಸಲ ತಪ್ಪು ಪಿನ್ ಹಾಕಿದರೆ ಖಾತೆ ಲಾಕ್ ಆಗಬೇಕು.’ ಸತತ ಮೂರೋ, ದಿನಕ್ಕೆ ಮೂರೋ ಹೇಳಿರಲಿಲ್ಲ. ಹಿಂದಿದ್ದ ಬಿಎ (ಬಿಸಿನೆಸ್ ಅನಲಿಸ್ಟ್) ಮೇಡಂ ಆಗಿದ್ದರೆ ಕ್ಲೈಂಟ್‌ಗೆ ಫೋನ್ ಮಾಡಿ, ‘ಹಾಗಂದ್ರೇನು ಸಾರ್?’ ಎಂದು ಪ್ರಾಣ ತಿನ್ನುತ್ತಿದ್ದರು. ಎಐ ಯಾರನ್ನೂ ಕೇಳಲಿಲ್ಲ. ಎಣಿಕೆ ಮೂರಾದರೆ ಲಾಕ್ ಎಂದು ಬರೆಯಿತು. ಎಣಿಕೆ ಸೊನ್ನೆಗೆ ಮರಳುವುದು ಯಾವಾಗ ಎಂದು ಬರೆಯಲಿಲ್ಲ. ಯುಗಾದಿಗೊಂದು, ಗಣೇಶನ ಹಬ್ಬಕ್ಕೊಂದು, ದೀಪಾವಳಿಗೊಂದು ತಪ್ಪು ಮಾಡಿದವರ ಖಾತೆಗೂ ಬೀಗ.

ಪ್ರ: ಪರೀಕ್ಷೆ ಮಾಡಲಿಲ್ಲವೇ?

ಉ: ಕೋಡ್ ಸೂತ್ರದಂತೆಯೇ ಇದೆ ಎಂದು ಗಣಿತದಿಂದ ಸಾಬೀತು ಮಾಡಿದರು. ನಿಜವೂ ಹೌದು. ಆದರೆ ಸೂತ್ರ ಕ್ಲೈಂಟ್ ಮನಸ್ಸಿನಲ್ಲಿದ್ದಂತಿದೆಯೇ ಎಂದು ಯಾವ ಸಾಲ್ವರ್ ಹೇಳೀತು?

ಪ್ರ: ಮನುಷ್ಯರು ಬರೆದಾಗ ಎಡವಿಲ್ಲವೇ?

ಉ: ಧಾರಾಳವಾಗಿ! 1993ರ ಸೆಪ್ಟೆಂಬರ್ 14, ವಾರ್ಸಾ ವಿಮಾನ ನಿಲ್ದಾಣ. ಎ320 ವಿಮಾನವೊಂದು ಇಳಿಯುತ್ತಿತ್ತು. ವೇಗ ತಗ್ಗಿಸುವ ರೆಕ್ಕೆಯ ಹಲಗೆಗಳು ಏಳಬೇಕಾದರೆ ಎರಡೂ ಬದಿಯ ಚಕ್ರಗಳ ಮೇಲೆ ತಲಾ 6.3 ಟನ್ ಭಾರ ಬೀಳಬೇಕು, ಇಲ್ಲವೇ ಚಕ್ರಗಳು 72 ನಾಟ್‌ಗಿಂತ ಹೆಚ್ಚಿನ ವೇಗದಲ್ಲಿ ತಿರುಗಬೇಕು ಎಂಬುದು ಅದರ ತರ್ಕ. ಅಂದು ಮಳೆ, ಹಿಂಗಾಳಿ. ಬಲಗಡೆ ಚಕ್ರ ಊರಿ 9 ಸೆಕೆಂಡು ಕಳೆದ ಮೇಲೆ ಎಡಗಡೆಯದು ಊರಿತು. ಅಷ್ಟು ಹೊತ್ತೂ ಕಂಪ್ಯೂಟರಿಗೆ ವಿಮಾನ ಇನ್ನೂ ಆಕಾಶದಲ್ಲೇ! ಬರೆದದ್ದನ್ನು ಅದು ಚಾಚೂ ತಪ್ಪದೆ ಪಾಲಿಸಿತು. ಅಪಘಾತದಲ್ಲಿ ಇಬ್ಬರು ಸತ್ತರು. ತಂತ್ರಾಂಶವೊಂದೇ ಕಾರಣವಲ್ಲ, ಆದರೂ ನನ್ನ ಕುಲದವರು ಆ ದಿನವನ್ನು ಮರೆಯುವುದಿಲ್ಲ.

ಪ್ರ: ಓದುಗರಿಗೆ ಏನು ಹೇಳುತ್ತೀರಿ?

ಉ: ಎಐಗೆ ಕೊಡಿ, ಬೇಡವೆನ್ನೆ. ಸೂತ್ರಕ್ಕೆ ಮೊದಲು, ‘ಎಲ್ಲೆಲ್ಲಿ ಎರಡರ್ಥ ಬರುತ್ತದೆ?’ ಎಂದು ಕೇಳಿ ಪಟ್ಟಿ ಮಾಡಿಸಿ. ಆ ಪಟ್ಟಿ ಹಿಡಿದು ಕ್ಲೈಂಟ್‌ಗೆ ಫೋನ್ ಮಾಡಲು ಒಬ್ಬರನ್ನು ಕೆಲಸದಲ್ಲಿ ಉಳಿಸಿಕೊಳ್ಳಿ. ಬಿಎ ಮೇಡಂ ನಂಬರ್ ಇನ್ನೂ ನನ್ನ ಎರಡನೇ ಪುಟದಲ್ಲಿದೆ.