ಸಪ್ನಾ ಓದಿದ ಸಾರು

ಲೇಖನ ಬರೆದು ‘ಸ್ವಲ್ಪ ಕರಡು ನೋಡಿಕೊಡಿ’ ಅಂದ ತಕ್ಷಣ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಕಿ ಕೆಲಸ ನೆನಪಾಗುತ್ತದೆ. ನಿಮ್ಮಲ್ಲೂ ಅಷ್ಟೇ ತಾನೆ? ನಾನೇ ನೋಡೋಣವೆಂದರೆ ಸ್ವಂತ ಬರಹದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಪುಟದಲ್ಲಿ ಇರುವುದನ್ನು ಬಿಟ್ಟು, ಬರೆದಿದ್ದೇನೆ ಅಂದುಕೊಂಡದ್ದನ್ನೇ ಕಣ್ಣು ಓದಿಕೊಂಡು ಹೋಗುತ್ತದೆ. ‘ಮತ್ತು ಮತ್ತು’ ಅಂತಿದ್ದರೂ ಒಂದೇ ‘ಮತ್ತು’ ಕಾಣುತ್ತದೆ.

“ಕಂಪ್ಯೂಟರ್ ಕೈಲಿ ಓದ್ಸಿ ಅಪ್ಪಾ, ಕಿವಿಗೆ ತಪ್ಪು ಸಿಗುತ್ತೆ” ಎಂದ ಮಗ. ಎಡ್ಜ್ ಬ್ರೌಸರ್‌ನಲ್ಲಿ ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿದರೆ ಪುಟವನ್ನು ಗಟ್ಟಿಯಾಗಿ ಓದುತ್ತದೆ. ಕನ್ನಡಕ್ಕೆ ಸಪ್ನಾ, ಗಗನ್ ಅಂತ ಎರಡು ದನಿ. ನಾನು ಸಪ್ನಾಳನ್ನು ಆರಿಸಿದ್ದು ಉಚ್ಚಾರಣೆಯ ದೃಷ್ಟಿಯಿಂದ ಮಾತ್ರ.

ಮೊದಲು ನನ್ನದೊಂದು ಹಳೆಯ ಪಿಡಿಎಫ್ ಕೊಟ್ಟೆ. ಯೂನಿಕೋಡ್ ಅಲ್ಲದ ಫಾಂಟು. ನೋಡಲು ಕನ್ನಡ, ಒಳಗೆಲ್ಲ ಚೆಲ್ಲಾಪಿಲ್ಲಿ ಇಂಗ್ಲಿಷ್ ಅಕ್ಷರ. ಸಪ್ನಾ ಅದನ್ನು ಒದರತೊಡಗಿದಾಗ ಅಮ್ಮ ದೇವರಮನೆಯಿಂದಲೇ, “ಯಾರಿಗೋ ಮೈಮೇಲೆ ಬಂತು!” ಎಂದು ಕೂಗಿದಳು.

ಆಮೇಲೆ ಹೊಸ ಹಾಸ್ಯ ಲೇಖನ. ಬರೆಯುವಾಗ ನಾನು ಹೊಟ್ಟೆ ಹಿಡಿದು ನಕ್ಕಿದ್ದ ಜಾಗವನ್ನು ಸಪ್ನಾ, ಜಲಾಶಯದ ನೀರಿನ ಮಟ್ಟ ಹೇಳುವ ಹಾಗೆ ಹೇಳಿ ಮುಂದೆ ಹೋದಳು. ಅಮ್ಮ ಬಂದು ಕೂತು ಕೇಳಿದಳು. “ಎಷ್ಟು ಚೆನ್ನಾಗಿ ಓದ್ತಾಳಪ್ಪಾ ಹುಡುಗಿ! ಪಾಪ, ಓದೋಕೆ ಬೇರೇನೂ ಸಿಗಲಿಲ್ವೇನೋ.”

ದನಿ ಯಾಕೋ ದೂರದಿಂದ ಬರುತ್ತಿದೆ ಅನ್ನಿಸಿತು. ಬೆಳಿಗ್ಗೆ ಸುಪ್ರಭಾತಕ್ಕೆಂದು ಅಡುಗೆಮನೆಯ ಬ್ಲೂಟೂತ್ ಸ್ಪೀಕರಿಗೆ ಲ್ಯಾಪ್‌ಟಾಪ್ ಜೋಡಿಸಿದ್ದು ಹಾಗೇ ಇತ್ತು. ಲೇಖನದ ಕೊನೆಯಲ್ಲಿ ಹೆಂಡತಿಯ ಬಗ್ಗೆ ಒಂದು ಹೊಗಳಿಕೆ ಸೇರಿಸಿದ್ದೆ: ‘ಇವಳ ಸಾರು ಉಂಡು ಮೆಚ್ಚದೆ ಎದ್ದವರೇ ಇಲ್ಲ.’ ಸಪ್ನಾ ಓದಿದಳು: “ಇವಳ ಸಾರು ಉಂಡು ಮೆಚ್ಚಿ ಎದ್ದವರೇ ಇಲ್ಲ.”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ಪರದೆ ನೋಡಿದರೆ ಅಲ್ಲಿ ನಿಜಕ್ಕೂ ‘ಮೆಚ್ಚಿ’ ಎಂದೇ ಇತ್ತು! ನನ್ನ ಕಣ್ಣು ಅದನ್ನು ಎಷ್ಟೋ ಸಲ ‘ಮೆಚ್ಚದೆ’ ಎಂದೇ ಓದಿ ಪಾಸು ಮಾಡಿತ್ತು. ತಿದ್ದಿ, ಓಡಿಹೋಗಿ ತೋರಿಸಿದೆ.

“ರೀ, ಈಗ ತಿದ್ದಿದ್ದು ನೀವು. ಮೊದಲು ಬರೆದಿದ್ದೂ ನೀವೇ ತಾನೇ?”

ರಾತ್ರಿ ಸಾರು ಇರಲಿಲ್ಲ. ಮಜ್ಜಿಗೆ ಅನ್ನ ಉಂಡೆ, ಮೆಚ್ಚಿಯೇ ಎದ್ದೆ.

ತಪ್ಪು ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ, ನೀವೂ ಮಾಡಿ ನೋಡಿ. ಆದರೆ ಮಹರಾಯರೇ, ಗುಂಡಿ ಒತ್ತುವ ಮುಂಚೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳಿ.