ಕೈಂಡ್ ಆಫ್ ಬ್ಲೂ ಸಾಕು ಮಾರಾಯ್ರೆ

ಜಾಝ್ ಕೇಳುತ್ತೇನೆ ಅನ್ನುವವರನ್ನು ಯಾವ ಆಲ್ಬಂ ಇಷ್ಟ ಅಂತ ಕೇಳಿ ನೋಡಿ. ಕಣ್ಣು ಅರ್ಧ ಮುಚ್ಚಿ, ದನಿ ಇಳಿಸಿ, ‘ಕೈಂಡ್ ಆಫ್ ಬ್ಲೂ’ ಅನ್ನುತ್ತಾರೆ. ಜನ್ಮದಲ್ಲಿ ಒಂದೇ ಒಂದು ಜಾಝ್ ರೆಕಾರ್ಡ್ ಕೊಂಡವರ ಮನೆಯಲ್ಲಿರುವುದೂ ಅದೇ. ಷೋಕೇಸಿನಲ್ಲಿ ಗೀತೋಪದೇಶದ ರಥ ಇಟ್ಟವರೆಲ್ಲ ಗೀತೆ ಓದಿದವರಲ್ಲವಲ್ಲ, ಹಾಗೆ.

ಅದನ್ನು ಮಾಡಿದ ಮೈಲ್ಸ್ ಡೇವಿಸ್ ಮೇಲೆ ನನಗೇನೂ ಸಿಟ್ಟಿಲ್ಲ. ಕೋಲ್ಟ್ರೇನ್, ಕ್ಯಾನನ್‌ಬಾಲ್ ಆಡರ್ಲಿ, ಬಿಲ್ ಇವಾನ್ಸ್ ಒಂದೇ ಕೋಣೆಯಲ್ಲಿ ಕೂತರೆ ಕೆಟ್ಟ ಸಂಗೀತ ಹುಟ್ಟುವುದಾದರೂ ಹೇಗೆ? ನನ್ನ ತಕರಾರು ಭಕ್ತರ ಬಗ್ಗೆ. ‘ಆಹಾ, ಆ ಶ್ರುತಿ!’ ಅನ್ನುತ್ತಾರಲ್ಲ, ಅವರಿಗೊಂದು ಕಥೆ ಹೇಳಬೇಕು. 1959ರ ಮಾರ್ಚ್ 2ರಂದು ಮೊದಲ ಬದಿಯ ಮೂರೂ ಹಾಡು ಮುದ್ರಿಸಿದಾಗ ಟೇಪ್ ಯಂತ್ರ ಕೊಂಚ ನಿಧಾನವಾಗಿ ಓಡಿತ್ತು. ಅದನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಶ್ರುತಿ ಒಂದಿಷ್ಟು ಮೇಲೇರಿತು. ಅದನ್ನು ತಿದ್ದಿದ್ದು 90ರ ದಶಕದಲ್ಲಿ. ಅಲ್ಲಿಯವರೆಗೆ ಮೂವತ್ತಕ್ಕೂ ಹೆಚ್ಚು ವರ್ಷ ರಸಿಕರು ತಲೆದೂಗಿದ್ದು ಏರಿದ ಶ್ರುತಿಗೆ. ಒಬ್ಬರಿಗೂ ತಲೆನೋವು ಬಂದ ಹಾಗಿಲ್ಲ.

1959 ಅಂದರೆ ಜಾಝ್‌ನವರಿಗೆ ಸುಗ್ಗಿಯ ವರ್ಷ. ನ್ಯೂಯಾರ್ಕಿನ 30ನೇ ಬೀದಿಯಲ್ಲಿ ಹಳೆಯ ಚರ್ಚೊಂದನ್ನು ಕೊಲಂಬಿಯಾ ಕಂಪನಿ ಸ್ಟುಡಿಯೋ ಮಾಡಿಕೊಂಡಿತ್ತು. ‘ಕೈಂಡ್ ಆಫ್ ಬ್ಲೂ’ ಆದದ್ದು ಅಲ್ಲಿ. ಡೇವ್ ಬ್ರೂಬೆಕ್‌ನ ‘ಟೈಮ್ ಔಟ್’ ಕೂಡ ಅಲ್ಲೇ. ಅದರಲ್ಲಿರುವ, ಪಾಲ್ ಡೆಸ್ಮಂಡ್ ರಚಿಸಿದ ‘ಟೇಕ್ ಫೈವ್’ ಹಾಕಿ, ‘ಐದು ಮಾತ್ರೆ ಗೊತ್ತಾಯ್ತಾ?’ ಅಂತ ನಮ್ಮ ಕಡೆಯ ಜಾಝ್ ಪಂಡಿತರು ಹುಬ್ಬೇರಿಸುತ್ತಾರೆ. ಮಾರಾಯ್ರೆ, ಖಂಡಛಾಪು ಕೇಳಿ ಬೆಳೆದವರಿಗೆ ಐದು ಎಣಿಸಿ ತೋರಿಸುವುದೇ? ನಮ್ಮದು ‘ತಕ ತಕಿಟ’, ಅವರದು ‘ತಕಿಟ ತಕ’, ಅಷ್ಟೇ ವ್ಯತ್ಯಾಸ. ನಮ್ಮ ಯಾವ ಮೃದಂಗದ ಹುಡುಗನೂ ಇದಕ್ಕೆ ಬೆವರುವುದಿಲ್ಲ. ಆದರೆ ಆ ಹುಡುಗ ಡೆಸ್ಮಂಡ್‌ನ ಹಾಗೆ ಸ್ಯಾಕ್ಸೊಫೋನ್ ನುಡಿಸಲಾರ, ಅದನ್ನೂ ಒಪ್ಪುತ್ತೇನೆ. ಮಾತ್ರೆ ಮರೆತು ಆತನ ಆ ತಣ್ಣನೆಯ, ಒಣ ನಾದ ಕೇಳಿ. ಸತ್ತ ಮೇಲೆ ಈ ಹಾಡಿನ ರಾಯಧನ ರೆಡ್‌ಕ್ರಾಸ್‌ಗೆ ಹೋಗಲಿ ಅಂತ ಬರೆದಿಟ್ಟ ಪುಣ್ಯಾತ್ಮ ಆತ.

ಕೋಲ್ಟ್ರೇನ್‌ನ ‘ಜೈಂಟ್ ಸ್ಟೆಪ್ಸ್’ ಆಲ್ಬಮ್ಮಿನ ಅದೇ ಹೆಸರಿನ ಹಾಡು ಮುದ್ರಣಗೊಂಡದ್ದೂ ಅದೇ ವರ್ಷದ ಮೇ ತಿಂಗಳಲ್ಲಿ. ಎಲ್ಲರೂ ಕೋಲ್ಟ್ರೇನ್‌ನ ಓಟ ನೋಡಿ ಬಾಯಿ ಬಿಡುತ್ತಾರೆ. ನಾನು ಕಾಯುವುದು ಪಿಯಾನೋದ ಟಾಮಿ ಫ್ಲಾನಗನ್‌ಗೆ. ಕಾರ್ಡ್‌ಗಳು ಆ ವೇಗದಲ್ಲಿ ಬದಲಾಗುತ್ತಿವೆ. ಫ್ಲಾನಗನ್ ಧೈರ್ಯವಾಗಿಯೇ ಹೊರಡುತ್ತಾನೆ, ನಡುವೆ ತಡವರಿಸುತ್ತಾನೆ, ಕೊನೆಗೆ ಬರೀ ಕಾರ್ಡ್ ಒತ್ತಿ ಮರ್ಯಾದೆ ಉಳಿಸಿಕೊಳ್ಳುತ್ತಾನೆ. ಇಡೀ ಆಲ್ಬಮ್ಮಿನಲ್ಲಿ ನನಗೆ ನೆಂಟನಂತೆ ಕಾಣುವವನು ಅವನೊಬ್ಬನೇ. ಛಲಗಾರನೂ ಹೌದು: 1982ರಲ್ಲಿ ಕೋಲ್ಟ್ರೇನ್ ನೆನಪಿಗೆಂದೇ ಒಂದು ಆಲ್ಬಂ ಮಾಡಿ ಅದೇ ಹಾಡನ್ನು ನುಡಿಸಿ ಸಾಲ ತೀರಿಸಿದ.

ಬಿಳಿ ಪ್ಲಾಸ್ಟಿಕ್ ಸ್ಯಾಕ್ಸೊಫೋನ್ ಹಿಡಿದು ಬಂದ ಆರ್ನೆಟ್ ಕೋಲ್ಮನ್ ಬಗ್ಗೆ ಈಗ ಬೇಡ. ಅದು ಇಡೀ ರಾತ್ರಿಯ ಜಗಳ.

ಆ ವರ್ಷದ ಫಸಲಿನಲ್ಲಿ ಒಂದನ್ನೇ ಇಟ್ಟುಕೋ ಅಂದರೆ ನಾನು ಎತ್ತಿಕೊಳ್ಳುವುದು ಚಾರ್ಲ್ಸ್ ಮಿಂಗಸ್‌ನ ‘ಮಿಂಗಸ್ ಆ ಉಮ್’. ಅದೂ ಅದೇ ಚರ್ಚಿನ ಕೂಸು. ಆದರೆ ಚರ್ಚಿನೊಳಗೆ ಗಲಾಟೆ ಎಬ್ಬಿಸಿದ್ದು ಇದೊಂದೇ. ಮೊದಲ ಹಾಡಿನಲ್ಲೇ ಮಿಂಗಸ್ ಬಾಸ್ ನುಡಿಸುತ್ತಾ ಕೂಗು ಹಾಕುತ್ತಾನೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ, ಭಾನುವಾರದ ಪ್ರಾರ್ಥನೆ ಮೈಮೇಲೆ ಬಂದ ಹಾಗೆ. ಮಹಾ ಮುಂಗೋಪಿ. 1953ರಲ್ಲಿ ಡ್ಯೂಕ್ ಎಲಿಂಗ್ಟನ್ ತಂಡ ಸೇರಿದವನು ಅಲ್ಲಿನ ಟ್ರಾಂಬೋನ್ ವಾದಕ ಹುವಾನ್ ಟಿಝೋಲ್ ಜೊತೆ ಜಗಳಕ್ಕೆ ಬಿದ್ದು ಕೆಲಸ ಕಳೆದುಕೊಂಡ. ಆಮೇಲೆ ಇದೇ ಆಲ್ಬಮ್ಮಿನಲ್ಲಿ ಡ್ಯೂಕ್‌ಗೆ ‘ಬಹಿರಂಗ ಪತ್ರ’ ಅಂತ ಹೆಸರಿಟ್ಟು ಒಂದು ಹಾಡನ್ನೇ ಅರ್ಪಿಸಿದ. ಲಿಟ್ಲ್ ರಾಕ್ ಶಾಲೆಗೆ ಕರಿಯ ಮಕ್ಕಳು ಕಾಲಿಡದಂತೆ 1957ರಲ್ಲಿ ಸೈನಿಕರನ್ನು ನಿಲ್ಲಿಸಿದ ಅರ್ಕನ್ಸಾ ಗವರ್ನರ್ ಫೌಬಸ್‌ನ ಮೇಲೂ ಒಂದು ಹಾಡಿದೆ. ಕೊಲಂಬಿಯಾದ ಆಲ್ಬಮ್ಮಿನಲ್ಲಿ ಅದಕ್ಕೆ ಮಾತಿಲ್ಲ. ಮರುವರ್ಷ ಬೇರೆ ಕಂಪನಿಯಲ್ಲಿ ಬೈಗುಳದ ಸಮೇತ ಹಾಡಿದ. ಹೀಗಿರಬೇಕು ನೋಡಿ ಮನುಷ್ಯ.

ಇಂಥ ಜಗಳಗಂಟ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ ಬರೆದ ಅಂದರೆ ನಂಬುವುದು ಕಷ್ಟ. ಆ ಬಗೆಯ ಟೋಪಿ ಬಿಡದೆ ಹಾಕುತ್ತಿದ್ದ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಆ ಮಾರ್ಚ್‌ನಲ್ಲಿ ತೀರಿಕೊಂಡಿದ್ದ. ಮೇ ತಿಂಗಳಲ್ಲಿ ಇದು ಮುದ್ರಣವಾಯಿತು. ನಡುವೆ ಟೆನರ್ ಸ್ಯಾಕ್ಸೊಫೋನ್ ಎತ್ತಿಕೊಳ್ಳುವವನು ಜಾನ್ ಹ್ಯಾಂಡಿ. ಒಂದು ಕಡೆ ಸ್ವರವನ್ನು ನಾಲಿಗೆಯಲ್ಲಿ ಥರಥರ ನಡುಗಿಸುತ್ತಾನೆ. ಅಲ್ಲಿ ಯಾರಾದರೂ ಮಾತಾಡಿದರೆ ನಾನು ಬೈದುಬಿಡುತ್ತೇನೆ, ಅತಿಥಿಗಳಾದರೂ ಸರಿ.

ಇದೇ ಹ್ಯಾಂಡಿ 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವಕ್ಕೆ ಬಂದಾಗ ನಮ್ಮ ಕದ್ರಿ ಗೋಪಾಲನಾಥರ ವಾದನ ಕೇಳಿ, ಬನ್ನಿ ನನ್ನ ಜೊತೆ ನುಡಿಸಿ ಅಂತ ವೇದಿಕೆಗೆ ಕರೆದ. ನಾಗಸ್ವರದವರ ಮನೆಯ ಮಗ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾದವರು, ಕೀರ್ತನೆಯ ಗಮಕವನ್ನೆಲ್ಲ ಆ ಹಿತ್ತಾಳೆಗೆ ಕಲಿಸಿದವರು. 2008ರಲ್ಲಿ ಅಮೆರಿಕದ ರುದ್ರೇಶ್ ಮಹಾಂತಪ್ಪ ‘ಕಿನ್ಸ್‌ಮೆನ್’ ಆಲ್ಬಂ ಮಾಡಿದ್ದು ಕದ್ರಿಯವರ ಜೊತೆಗೇ. ಎರಡು ಆಲ್ಟೊ ಸ್ಯಾಕ್ಸೊಫೋನ್ ಎದುರುಬದುರು. ಅದರಲ್ಲಿ ಯಾರು ಯಾರಿಗೆ ಸೋತರು ಅಂತ ನನ್ನನ್ನು ಕೇಳಬೇಡಿ. ನಾನು ಮಂಗಳೂರಿನ ಕಡೆಯವನು, ನನ್ನ ತೀರ್ಪು ನಡೆಯುವುದಿಲ್ಲ.